ವಿಕಾಸವಾದ ಎಬ್ಬಿಸಿದ ವಿವಾದಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜಿನ ಉಪನ್ಯಾಸವಿರಲಿ, ಓದುಗರ ಪತ್ರವಿರಲಿ, ಮದುವೆ ಮನೆಯಲ್ಲಿ ಊಟಕ್ಕೆ ಮುಂಚಿನ ಹರಟೆಯೇ ಇರಲಿ, ಡಾರ್ವಿನ್ ಹೆಸರು ಬಂದೊಡನೆ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಎದುರಾಗುತ್ತವೆ. ಕೇಳಿದವರ ಮಾತನ್ನು ಆದಷ್ಟೂ ಹಾಗೆಯೇ ಉಳಿಸಿಕೊಂಡು, ಸುಲಭದ ಪ್ರಶ್ನೆಗಳಿಂದ ತೊಡಕಿನ ಪ್ರಶ್ನೆಗಳ ಕಡೆಗೆ ಅವನ್ನು ಇಲ್ಲಿ ಜೋಡಿಸಲಾಗಿದೆ. ಜೀವವಿಕಾಸಕ್ಕೆ ಇರುವ ಪುರಾವೆಗಳ ವಿವರಣೆ ಇಲ್ಲಿಲ್ಲ. ಆ ಸಿದ್ಧಾಂತದ ಸುತ್ತ ಯಾರು ಯಾರೊಡನೆ, ಯಾವ ಕಾರಣಕ್ಕೆ ಜಗಳವಾಡಿದರು ಎಂಬುದಷ್ಟೇ ಇಲ್ಲಿನ ವಿಷಯ.

## ಮೊದಲ ಪ್ರಶ್ನೆಗಳು

‘ಮಂಗನಿಂದ ಮಾನವ’ ಅಂತ ಡಾರ್ವಿನ್ ಹೇಳಿದ್ದಕ್ಕೇ ಅಲ್ಲವೇ ಇಷ್ಟೆಲ್ಲ ಗಲಾಟೆ ಆಗಿದ್ದು?

ಗಲಾಟೆಗೆ ನಾಂದಿ ಹಾಡಿದ ಪುಸ್ತಕದಲ್ಲಿ ಆ ಮಾತೇ ಇಲ್ಲ. 1859ರ ನವೆಂಬರ್ 24ರಂದು ಲಂಡನ್ನಿನಲ್ಲಿ ಪ್ರಕಟವಾದ ‘ಪ್ರಭೇದಗಳ ಉಗಮ’ದಲ್ಲಿ ಸಾಕು ಪಾರಿವಾಳಗಳ ಬಗ್ಗೆ ಪುಟಗಟ್ಟಲೆ ವಿವರವಿದೆ. ಮನುಷ್ಯನ ವಿಚಾರಕ್ಕೆ ಬಂದರೆ, ಅವನ ಉಗಮದ ಮೇಲೂ ಚರಿತ್ರೆಯ ಮೇಲೂ ಮುಂದೆ ಬೆಳಕು ಬೀಳಲಿದೆ ಎಂಬರ್ಥದ ಒಂದು ಸಾಲು ಕೊನೆಯ ಅಧ್ಯಾಯದಲ್ಲಿದೆ, ಅಷ್ಟೇ. ಡಾರ್ವಿನ್ ಬೇಕೆಂದೇ ಅಲ್ಲಿಗೆ ನಿಲ್ಲಿಸಿದ್ದ. ಹೇಳದೆ ಬಿಟ್ಟದ್ದು ಏನೆಂದು ಊಹಿಸುವುದು ಓದುಗರಿಗೆ ಕಷ್ಟವಾಗಲಿಲ್ಲ, ಹಾಗಾಗಿ ಜಗಳ ಕೂಡಲೇ ಶುರುವಾಯಿತು. ಮನುಷ್ಯನನ್ನೇ ಕುರಿತ ಪುಸ್ತಕವನ್ನು ಆತ ಹೊರತಂದದ್ದು 1871ರಲ್ಲಿ.

ಇಂದು ಮರದ ಮೇಲೆ ಕಾಣುವ ಮಂಗ ನಮ್ಮ ಪೂರ್ವಜ ಎಂದು ಡಾರ್ವಿನ್ ಎಲ್ಲಿಯೂ ಹೇಳಿಲ್ಲ. ಮನುಷ್ಯನೂ ವಾನರಗಳೂ ಬಹಳ ಹಿಂದಿನ ಒಂದೇ ಮೂಲದಿಂದ ಕವಲೊಡೆದ ದಾಯಾದಿಗಳು ಎಂಬುದು ಅವನ ವಾದ. ಹಾಗಿರುವಾಗ ‘ಮಂಗಗಳು ಈಗಲೂ ಯಾಕಿವೆ’ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಚಿಕ್ಕಪ್ಪನ ಮಕ್ಕಳು ಬದುಕಿದ್ದಾರೆಂಬ ಕಾರಣಕ್ಕೆ ನಮ್ಮ ಅಜ್ಜ ಇರಲೇ ಇಲ್ಲ ಎಂದು ಯಾರೂ ವಾದಿಸುವುದಿಲ್ಲ.

ಬೈಬಲ್‌ನ ಯಾವ ಮಾತಿಗೆ ಈ ಸಿದ್ಧಾಂತ ವಿರುದ್ಧ ಬಿತ್ತು?

ಆದಿಕಾಂಡದ ಪ್ರಕಾರ ದೇವರು ಆರು ದಿನಗಳಲ್ಲಿ ಲೋಕವನ್ನು ಸೃಷ್ಟಿಸಿ, ಪ್ರಾಣಿ ಸಸ್ಯಗಳನ್ನು ಅವುಗಳ ಜಾತಿಗನುಸಾರವಾಗಿ ಉಂಟುಮಾಡಿದ. 17ನೆಯ ಶತಮಾನದಲ್ಲಿ ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಬೈಬಲ್ಲಿನ ವಂಶಾವಳಿಗಳನ್ನು ಕೂಡಿಸಿ ಸೃಷ್ಟಿಯ ವರ್ಷ ಕ್ರಿ.ಪೂ. 4004 ಎಂದು ಲೆಕ್ಕ ಹಾಕಿದ್ದ. ಜಗಳ ಹುಟ್ಟಿದ್ದು ಈ ಲೆಕ್ಕದಿಂದ ಎಂದು ಹಲವರು ಭಾವಿಸುತ್ತಾರೆ. ಆದರೆ ಡಾರ್ವಿನ್ನನ ಪುಸ್ತಕ ಬರುವ ವೇಳೆಗೆ ಭೂಮಿಯ ವಯಸ್ಸು ಆರು ಸಾವಿರ ವರ್ಷಕ್ಕಿಂತ ಎಷ್ಟೋ ಹೆಚ್ಚೆಂಬುದನ್ನು ಇಂಗ್ಲೆಂಡಿನ ವಿದ್ಯಾವಂತ ಪಾದ್ರಿಗಳಲ್ಲಿ ಅನೇಕರು ಒಪ್ಪಿಯಾಗಿತ್ತು. ವಿಲಿಯಂ ಬಕ್‌ಲ್ಯಾಂಡ್, ಆಡಮ್ ಸೆಜ್‌ವಿಕ್ ಮುಂತಾದ ಹೆಸರಾಂತ ಭೂವಿಜ್ಞಾನಿಗಳು ಸ್ವತಃ ಪಾದ್ರಿಗಳಾಗಿದ್ದರು.

ಪೆಟ್ಟು ಬಿದ್ದದ್ದು ಬೇರೆಡೆ. ಕಣ್ಣಿನಂಥ ಸೂಕ್ಷ್ಮವಾದ ಅಂಗವನ್ನು ಕಂಡರೆ ಅದನ್ನು ರೂಪಿಸಿದವನೊಬ್ಬ ಇದ್ದಾನೆಂದು ಒಪ್ಪಲೇಬೇಕು ಎಂದು ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ 1802ರಲ್ಲಿ ವಾದಿಸಿದ್ದ. ಕೇಂಬ್ರಿಜ್‌ನಲ್ಲಿ ಪಾದ್ರಿಯಾಗಲೆಂದು ಓದುತ್ತಿದ್ದ ದಿನಗಳಲ್ಲಿ ಡಾರ್ವಿನ್ ಪೇಲಿಯ ಬರಹಗಳನ್ನು ಮೆಚ್ಚಿ ಓದಿದ್ದ. ರೂಪಿಸುವವನ ಉದ್ದೇಶವಿಲ್ಲದೆಯೂ, ಬದುಕಿಗೆ ಅನುಕೂಲವಾದ ಸಣ್ಣ ಸಣ್ಣ ವ್ಯತ್ಯಾಸಗಳಿರುವ ಜೀವಿಗಳೇ ಹೆಚ್ಚಾಗಿ ಉಳಿದು ಸಂತಾನ ಬೆಳೆಸುವ ನಿಸರ್ಗದ ಆಯ್ಕೆಯಿಂದಲೇ ಅಂಥ ಅಂಗ ಮೂಡಬಹುದು ಎಂದು ತೋರಿಸಿದಾಗ ಕುಸಿದದ್ದು ಈ ವಾದ. ಜೊತೆಗೆ ಆದಾಮನೆಂಬ ಮೊದಲ ಮನುಷ್ಯನೇ ಇಲ್ಲವಾದರೆ ಅವನಿಂದ ಎಲ್ಲರಿಗೂ ಅಂಟಿತೆನ್ನುವ ಮೂಲಪಾಪವೆಲ್ಲಿ, ಅದರಿಂದ ಬಿಡಿಸಲು ಬಂದ ಯೇಸುವಿನ ಪಾತ್ರವೆಲ್ಲಿ ಎಂಬ ಪ್ರಶ್ನೆ ಕ್ರೈಸ್ತ ನಂಬಿಕೆಯ ತಿರುಳನ್ನೇ ಮುಟ್ಟುತ್ತಿತ್ತು.

ಚರ್ಚಿಗೆ ಹೆದರಿ ಡಾರ್ವಿನ್ 20 ವರ್ಷ ಪುಸ್ತಕವನ್ನು ಬಚ್ಚಿಟ್ಟಿದ್ದನಂತೆ, ಹೌದೇ?

ಅರ್ಧ ನಿಜ. ನಿಸರ್ಗದ ಆಯ್ಕೆಯ ವಿಚಾರ ಹೊಳೆದದ್ದು 1838ರಲ್ಲಿ. 1844ರಲ್ಲಿ ಗೆಳೆಯ ಜೋಸೆಫ್ ಹೂಕರನಿಗೆ ಬರೆದ ಪತ್ರದಲ್ಲಿ, ಪ್ರಭೇದಗಳು ಬದಲಾಗದೆ ಉಳಿಯುವಂಥವಲ್ಲ ಎನ್ನುವುದು ಕೊಲೆಯನ್ನು ಒಪ್ಪಿಕೊಂಡಂತೆ ಭಾಸವಾಗುತ್ತದೆ ಎಂದು ಆತ ಬರೆದ. ಆ ಮಾತಿನಲ್ಲಿ ಅಳುಕು ಎದ್ದು ಕಾಣುತ್ತದೆ. ಅದೇ ವರ್ಷ ರಾಬರ್ಟ್ ಚೇಂಬರ್ಸ್ ಹೆಸರು ಮರೆಮಾಚಿ ಪ್ರಕಟಿಸಿದ ವಿಕಾಸಪರ ಪುಸ್ತಕಕ್ಕೆ ಪಾದ್ರಿಗಳಿಂದ ಮಾತ್ರವಲ್ಲ, ವಿಜ್ಞಾನಿಗಳಿಂದಲೂ ಛೀಮಾರಿ ಬಿತ್ತು. ಗಟ್ಟಿ ಆಧಾರವಿಲ್ಲದೆ ಬಾಯಿ ತೆರೆದರೆ ಏನಾಗುತ್ತದೆಂಬುದನ್ನು ಡಾರ್ವಿನ್ ಕಣ್ಣಾರೆ ಕಂಡ. ಆಮೇಲಿನ ಎಂಟು ವರ್ಷಗಳನ್ನು ಕಡಲ ಬಂಡೆಗಳಿಗೂ ಹಡಗುಗಳ ತಳಕ್ಕೂ ಅಂಟಿಕೊಳ್ಳುವ ಬಾರ್ನಕಲ್ ಎಂಬ ಚಿಪ್ಪುಜೀವಿಗಳ ಅಧ್ಯಯನಕ್ಕೆ ಮೀಸಲಿಟ್ಟ. ಭಯ, ಅನಾರೋಗ್ಯ, ಕೆಲಸವನ್ನು ಪಕ್ಕಾ ಮಾಡಬೇಕೆಂಬ ಹಟ, ಮೂರೂ ಸೇರಿ ತಡವಾಯಿತು. ಕೊನೆಗೆ 1858ರಲ್ಲಿ ಇಂಡೋನೇಷ್ಯಾದ ದ್ವೀಪಗಳಿಂದ ಆಲ್ಫ್ರೆಡ್ ರಸೆಲ್ ವಾಲೇಸ್ ಅದೇ ವಿಚಾರವನ್ನು ಬರೆದು ಕಳಿಸಿದ ಮೇಲೆ ಸುಮ್ಮನಿರುವಂತಿರಲಿಲ್ಲ. ಇಬ್ಬರ ಬರಹಗಳನ್ನೂ ಜುಲೈ 1ರಂದು ಲಂಡನ್ನಿನ ಲಿನ್ನಿಯನ್ ಸೊಸೈಟಿಯಲ್ಲಿ ಓದಲಾಯಿತು.

ಡಾರ್ವಿನ್ ನಾಸ್ತಿಕನೇ? ಸಾಯುವಾಗ ಪಶ್ಚಾತ್ತಾಪ ಪಟ್ಟು ಬೈಬಲ್ ಹಿಡಿದನಂತಲ್ಲ?

ಸಾವಿನ ಹಾಸಿಗೆಯ ಕಥೆ ಕಟ್ಟುಕಥೆ. ಡಾರ್ವಿನ್ ತೀರಿಕೊಂಡದ್ದು 1882ರ ಏಪ್ರಿಲ್ 19ರಂದು. ಲೇಡಿ ಹೋಪ್ ಎಂಬಾಕೆ ಹೇಳಿದ ಈ ಕಥೆ ಅಮೆರಿಕದ ಬ್ಯಾಪ್ಟಿಸ್ಟ್ ಪತ್ರಿಕೆಯೊಂದರಲ್ಲಿ ಅಚ್ಚಾದದ್ದು 1915ರಲ್ಲಿ. ತಂದೆಯ ಕೊನೆಗಾಲದಲ್ಲಿ ಪಕ್ಕದಲ್ಲೇ ಇದ್ದ ಮಗಳು ಹೆನ್ರಿಯೆಟಾ 1922ರಲ್ಲಿ ಇದನ್ನು ಬಹಿರಂಗವಾಗಿ ಅಲ್ಲಗಳೆದಳು.

ನಾಸ್ತಿಕ ಎಂಬ ಹಣೆಪಟ್ಟಿಯೂ ಸರಿಯಲ್ಲ. ತನ್ನ ಮನಸ್ಸಿನ ಸ್ಥಿತಿಗೆ ಅಜ್ಞೇಯವಾದಿ, ಅಂದರೆ ದೇವರಿದ್ದಾನೋ ಇಲ್ಲವೋ ತಿಳಿಯಲಾಗದು ಎನ್ನುವವನು, ಎಂಬ ಹೆಸರೇ ಹೊಂದುತ್ತದೆ ಎಂದು ಆತ 1879ರಲ್ಲಿ ಪತ್ರವೊಂದರಲ್ಲಿ ಬರೆದಿದ್ದಾನೆ. ಹತ್ತು ವರ್ಷದ ಮಗಳು ಆ್ಯನಿ 1851ರಲ್ಲಿ ತೀರಿಕೊಂಡದ್ದು ಅವನ ಕ್ರೈಸ್ತ ನಂಬಿಕೆಯಲ್ಲಿ ಅಳಿದುಳಿದದ್ದನ್ನೂ ಅಳಿಸಿತೆಂದು ಕೆಲವು ಚರಿತ್ರಕಾರರು ಹೇಳುತ್ತಾರೆ. ಬದುಕಿರುವ ಕಂಬಳಿಹುಳುವಿನೊಳಗೆ ಮೊಟ್ಟೆಯಿಟ್ಟು, ತನ್ನ ಮರಿಗಳು ಅದನ್ನು ಒಳಗಿನಿಂದಲೇ ತಿನ್ನುವಂತೆ ಮಾಡುವ ಕಣಜವನ್ನು ದಯಾಮಯನಾದ ದೇವರು ಬೇಕೆಂದೇ ಸೃಷ್ಟಿಸಿದನೆಂದು ನಂಬಲಾರೆ ಎಂದು 1860ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇಗೆ ಬರೆದ. ಪತ್ನಿ ಎಮ್ಮಾ ಕೊನೆಯವರೆಗೂ ಆಸ್ತಿಕಳಾಗಿದ್ದಳು.

## ಇಂಗ್ಲೆಂಡಿನ ಜಗಳ

ನಿಮ್ಮ ಅಜ್ಜನ ಕಡೆಯಿಂದ ಮಂಗವೋ ಅಜ್ಜಿಯ ಕಡೆಯಿಂದಲೋ ಅಂತ ಬಿಷಪ್ ಕೇಳಿದ್ದು, ಹಕ್ಸ್ಲಿ ಬಾಯಿ ಮುಚ್ಚಿಸಿದ್ದು ನಿಜವಾಗಿ ನಡೆದದ್ದೇ?

1860ರ ಜೂನ್ 30ರ ಶನಿವಾರ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಹೊಸ ಮ್ಯೂಸಿಯಂ ಕಟ್ಟಡದಲ್ಲಿ ಬ್ರಿಟಿಷ್ ಅಸೋಸಿಯೇಷನ್ ಎಂಬ ವಿಜ್ಞಾನ ಸಂಘದ ಸಭೆ ನಡೆದದ್ದು ನಿಜ. ಬಿಷಪ್ ಸ್ಯಾಮ್ಯುಯೆಲ್ ವಿಲ್ಬರ್‌ಫೋರ್ಸ್, ಡಾರ್ವಿನ್ನನ ಪರ ನಿಂತಿದ್ದ ಜೀವವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್ಲಿ ಇಬ್ಬರೂ ಮಾತನಾಡಿದ್ದೂ ನಿಜ. ಅಜ್ಜ-ಅಜ್ಜಿಯ ಕುರಿತ ಚುಚ್ಚುಮಾತು ಯಾವುದೋ ರೂಪದಲ್ಲಿ ಬಂದಿರಬೇಕು. ಆದರೆ ಅಂದಿನ ಮಾತುಗಳನ್ನು ಯಾರೂ ಪದಶಃ ದಾಖಲಿಸಿಕೊಳ್ಳಲಿಲ್ಲ. ಇಂದು ಎಲ್ಲರ ಬಾಯಲ್ಲಿರುವ ನಾಟಕೀಯ ಸಂಭಾಷಣೆಗೆ ಮುಖ್ಯ ಆಧಾರ 1898ರಲ್ಲಿ, ಅಂದರೆ ಸುಮಾರು ನಾಲ್ಕು ದಶಕಗಳ ನಂತರ, ಪತ್ರಿಕೆಯೊಂದರಲ್ಲಿ ಬಂದ ನೆನಪಿನ ಬರಹ. ಸಭೆಯಾದ ಎರಡೇ ದಿನಕ್ಕೆ ಹೂಕರ್ ಡಾರ್ವಿನ್ನನಿಗೆ ಬರೆದ ಪತ್ರ ಬೇರೆಯದನ್ನೇ ಹೇಳುತ್ತದೆ: ಹಕ್ಸ್ಲಿಯ ದನಿ ಆ ಜನಜಂಗುಳಿಗೆ ಸರಿಯಾಗಿ ಕೇಳಿಸಲಿಲ್ಲ, ಬಿಷಪನಿಗೆ ತಕ್ಕ ಉತ್ತರ ಕೊಟ್ಟವನು ತಾನೇ ಎಂಬುದು ಹೂಕರನ ವರದಿ. ಗೆದ್ದೆವೆಂದು ಎರಡೂ ಕಡೆಯವರು ನಂಬಿಕೊಂಡೇ ಮನೆಗೆ ಹೋದರು.

ವಿಲ್ಬರ್‌ಫೋರ್ಸ್‌ನನ್ನು ಏನೂ ತಿಳಿಯದ ಮತಾಂಧನೆಂದು ಚಿತ್ರಿಸುವುದು ಆಮೇಲಿನವರ ಅನುಕೂಲಕ್ಕೆ ಹುಟ್ಟಿದ ಕಥೆ. ಆತ ಗಣಿತದಲ್ಲಿ ಪ್ರಥಮ ದರ್ಜೆ ಪಡೆದವನು, ರಾಯಲ್ ಸೊಸೈಟಿಯ ಸದಸ್ಯ. ಡಾರ್ವಿನ್ನನ ಪುಸ್ತಕಕ್ಕೆ ಆತ ಬರೆದ ವಿಮರ್ಶೆಯನ್ನು ಓದಿದ ಡಾರ್ವಿನ್, ತನ್ನ ವಾದದಲ್ಲಿ ಊಹೆಯ ಮೇಲೆ ನಿಂತಿರುವ ಭಾಗಗಳನ್ನೇ ಜಾಣತನದಿಂದ ಹೆಕ್ಕಿದ್ದಾನೆ ಎಂದು ಹೂಕರನಲ್ಲಿ ಒಪ್ಪಿಕೊಂಡ. ಅಂದಿನ ಸಭೆಯಲ್ಲಿ ನನಗೆ ಹೆಚ್ಚು ಕಾಡುವ ವ್ಯಕ್ತಿ ಬೇರೊಬ್ಬ. ಬೀಗಲ್ ಹಡಗಿನಲ್ಲಿ ಐದು ವರ್ಷ ಡಾರ್ವಿನ್ನನನ್ನು ಹೊತ್ತು ತಿರುಗಿದ ಕಪ್ತಾನ ರಾಬರ್ಟ್ ಫಿಟ್ಜ್‌ರಾಯ್ ಹವಾಮಾನದ ಬಗ್ಗೆ ಪ್ರಬಂಧ ಓದಲೆಂದು ಆಕ್ಸ್‌ಫರ್ಡಿಗೆ ಬಂದಿದ್ದ; ಈ ಸಭೆಯಲ್ಲಿ ಎದ್ದು ನಿಂತು ಬೈಬಲ್ಲನ್ನು ಎತ್ತಿ ಹಿಡಿದು, ಮನುಷ್ಯನ ಮಾತಿಗಿಂತ ದೇವರ ಮಾತನ್ನು ನಂಬಿ ಎಂದು ಕೇಳಿಕೊಂಡ. ಅವನ ಮಾತು ಗದ್ದಲದಲ್ಲಿ ಮುಳುಗಿಹೋಯಿತು.

ಹಾಗಾದರೆ ಪಾದ್ರಿಗಳೆಲ್ಲ ಒಂದು ಕಡೆ, ವಿಜ್ಞಾನಿಗಳೆಲ್ಲ ಇನ್ನೊಂದು ಕಡೆ ಇದ್ದರೇ?

ಇರಲಿಲ್ಲ. ಈ ವಿವಾದದ ಬಗ್ಗೆ ಒಂದೇ ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕೆಂದರೆ ಇದನ್ನೇ ಇಟ್ಟುಕೊಳ್ಳಬೇಕು: ಗೆರೆ ಧರ್ಮಕ್ಕೂ ವಿಜ್ಞಾನಕ್ಕೂ ನಡುವೆ ಬೀಳಲಿಲ್ಲ, ಎರಡರ ಒಳಗೂ ಬಿತ್ತು. ಡಾರ್ವಿನ್ನನ ಭೂವಿಜ್ಞಾನದ ಗುರು ಸೆಜ್‌ವಿಕ್, ಪುಸ್ತಕವನ್ನು ಸಂತೋಷಕ್ಕಿಂತ ನೋವಿನಿಂದಲೇ ಹೆಚ್ಚು ಓದಿದೆ ಎಂದು ಬರೆದ. ಅಂಗರಚನಾಶಾಸ್ತ್ರದ ದೊಡ್ಡ ಹೆಸರಾದ ರಿಚರ್ಡ್ ಓವೆನ್ ವಿಷಕಾರುವ ವಿಮರ್ಶೆ ಬರೆದ. ಇನ್ನೊಂದು ಕಡೆ, ಪಾದ್ರಿಯೂ ಕಾದಂಬರಿಕಾರನೂ ಆಗಿದ್ದ ಚಾರ್ಲ್ಸ್ ಕಿಂಗ್ಸ್ಲಿ, ತಾನಾಗಿಯೇ ಬೆಳೆಯಬಲ್ಲ ರೂಪಗಳನ್ನು ದೇವರು ಸೃಷ್ಟಿಸಿದನೆಂದು ನಂಬುವುದು ಅಷ್ಟೇ ಉದಾತ್ತ ಎಂದು ಸ್ವಾಗತಿಸಿದ. ಡಾರ್ವಿನ್ ಈ ಮಾತನ್ನು ಎರಡನೆಯ ಆವೃತ್ತಿಯಲ್ಲಿ ಸೇರಿಸಿಕೊಂಡ. ಅದೇ ಆವೃತ್ತಿಯ ಕೊನೆಯ ವಾಕ್ಯದಲ್ಲಿ ‘ಸೃಷ್ಟಿಕರ್ತ’ನೂ ಬಂದು ಸೇರಿದ. ಅಮೆರಿಕದಲ್ಲಿ ಡಾರ್ವಿನ್ನನ ಪರ ಗಟ್ಟಿಯಾಗಿ ನಿಂತ ಏಸಾ ಗ್ರೇ ನಿಷ್ಠಾವಂತ ಪ್ರೆಸ್ಬಿಟೇರಿಯನ್ ಕ್ರೈಸ್ತ.

ಆ ದಶಕದಲ್ಲಿ ಇಂಗ್ಲೆಂಡಿನ ಚರ್ಚನ್ನು ಹೆಚ್ಚು ನಡುಗಿಸಿದ್ದೂ ಡಾರ್ವಿನ್ನನಲ್ಲ. ಬೈಬಲ್ಲನ್ನು ಇತರ ಗ್ರಂಥಗಳಂತೆಯೇ ವಿಮರ್ಶಿಸಿ ಓದಬೇಕೆಂದು ಏಳು ಮಂದಿ, ಅವರಲ್ಲಿ ಹೆಚ್ಚಿನವರು ಪಾದ್ರಿಗಳೇ, 1860ರಲ್ಲಿ ಒಟ್ಟುಗೂಡಿ ಬರೆದ ಪ್ರಬಂಧ ಸಂಕಲನದ ವಿರುದ್ಧ ಸುಮಾರು 11,000 ಪಾದ್ರಿಗಳು ಸಹಿ ಹಾಕಿದರು. ಆ ಏಳು ಮಂದಿಯಲ್ಲೊಬ್ಬನಾದ ಫ್ರೆಡರಿಕ್ ಟೆಂಪಲ್ 1884ರ ಉಪನ್ಯಾಸಗಳಲ್ಲಿ ವಿಕಾಸವನ್ನು ಒಪ್ಪಿ ಮಾತನಾಡಿದ. 1896ರಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆದ. ಡಾರ್ವಿನ್ನನ ದೇಹವನ್ನು ಮಣ್ಣುಮಾಡಿದ್ದು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ.

ಕ್ಯಾಥೊಲಿಕ್ ಚರ್ಚ್ ಡಾರ್ವಿನ್ನನ ಪುಸ್ತಕವನ್ನು ನಿಷೇಧಿಸಿತ್ತೇ?

ಇಲ್ಲ. ‘ಪ್ರಭೇದಗಳ ಉಗಮ’ ರೋಮಿನ ನಿಷಿದ್ಧ ಗ್ರಂಥಗಳ ಪಟ್ಟಿಗೆ ಎಂದೂ ಸೇರಲಿಲ್ಲ. ಸೇರಿದ್ದು ಅವನ ಅಜ್ಜ ಎರಾಸ್ಮಸ್ ಡಾರ್ವಿನ್ನನ ಪುಸ್ತಕ. ಮನುಷ್ಯದೇಹದ ವಿಕಾಸದ ಬಗ್ಗೆ ತಜ್ಞರು ಚರ್ಚಿಸಬಹುದು, ಆದರೆ ಆತ್ಮವನ್ನು ದೇವರೇ ನೇರವಾಗಿ ಸೃಷ್ಟಿಸುತ್ತಾನೆ ಎಂದು ಹನ್ನೆರಡನೆಯ ಪಯಸ್ ಪೋಪ್ 1950ರಲ್ಲಿ ಬರೆದ. ವಿಕಾಸವು ಬರಿಯ ಊಹೆಗಿಂತ ಮಿಗಿಲಾದದ್ದೆಂದು ಎರಡನೆಯ ಜಾನ್ ಪಾಲ್ 1996ರಲ್ಲಿ ಒಪ್ಪಿದ.

## ಅಮೆರಿಕದ ಕೋರ್ಟುಗಳಲ್ಲಿ

ಪಾಠ ಹೇಳಿದ್ದಕ್ಕೆ ಮೇಷ್ಟ್ರನ್ನು ಜೈಲಿಗೆ ಹಾಕಿದ್ದರಂತೆ. ಏನದು ಮಂಗನ ಮೊಕದ್ದಮೆ?

ಜೈಲಿಗೆ ಹಾಕಲಿಲ್ಲ, 100 ಡಾಲರ್ ದಂಡ ವಿಧಿಸಿದರು. ಮನುಷ್ಯ ಕೆಳಮಟ್ಟದ ಪ್ರಾಣಿಗಳಿಂದ ಬಂದವನೆಂದು ಸರ್ಕಾರಿ ಶಾಲೆಗಳಲ್ಲಿ ಕಲಿಸಬಾರದೆಂದು ಟೆನೆಸ್ಸಿ ರಾಜ್ಯ 1925ರಲ್ಲಿ ಕಾಯಿದೆ ಮಾಡಿತು. ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಲು ಒಪ್ಪುವ ಶಿಕ್ಷಕರು ಬೇಕೆಂದು ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ ಎಂಬ ನಾಗರಿಕ ಹಕ್ಕುಗಳ ಸಂಸ್ಥೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟಿತು. ಡೇಟನ್ ಎಂಬ ಪುಟ್ಟ ಊರಿನ ಕೆಲವು ಗಣ್ಯರು ಔಷಧಿ ಅಂಗಡಿಯೊಂದರಲ್ಲಿ ಕುಳಿತು, ಇಂಥ ಮೊಕದ್ದಮೆ ನಮ್ಮೂರಲ್ಲೇ ನಡೆದರೆ ಊರಿಗೆ ಹೆಸರೂ ವ್ಯಾಪಾರವೂ ಬರುತ್ತದೆಂದು ಲೆಕ್ಕ ಹಾಕಿ, ಫುಟ್‌ಬಾಲ್ ಕೋಚ್ ಆಗಿದ್ದ ತರುಣ ಶಿಕ್ಷಕ ಜಾನ್ ಸ್ಕೋಪ್ಸ್‌ನನ್ನು ಕರೆಸಿ ಒಪ್ಪಿಸಿದರು. ಆತ ನಿಜವಾಗಿ ತರಗತಿಯಲ್ಲಿ ವಿಕಾಸದ ಪಾಠ ಮಾಡಿದ್ದನೋ ಇಲ್ಲವೋ ಎಂಬುದೇ ಸಂಶಯ.

ಜುಲೈ 10ರಿಂದ 21ರವರೆಗೆ ನಡೆದ ವಿಚಾರಣೆಯನ್ನು ಷಿಕಾಗೊದ ರೇಡಿಯೊ ಕೇಂದ್ರ ನೇರ ಪ್ರಸಾರ ಮಾಡಿತು. ಸ್ಕೋಪ್ಸ್ ಪರ ವಕೀಲ ಕ್ಲಾರೆನ್ಸ್ ಡ್ಯಾರೋ. ಕಾಯಿದೆಯ ಪರ ಬಂದವನು ಮೂರು ಬಾರಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಿ ಸೋತಿದ್ದ ವಿಲಿಯಂ ಜೆನಿಂಗ್ಸ್ ಬ್ರಯನ್. ಕೋರ್ಟಿನ ಹೊರಗಿನ ಹುಲ್ಲುಹಾಸಿನ ಮೇಲೆ ಡ್ಯಾರೋ ಅವನನ್ನೇ ಸಾಕ್ಷಿಯಾಗಿ ಕೂರಿಸಿ ಪ್ರಶ್ನಿಸಿದಾಗ, ಸೃಷ್ಟಿಯ ಒಂದೊಂದು ದಿನವೂ 24 ಗಂಟೆಯದೇ ಆಗಿರಬೇಕಿಲ್ಲ ಎಂದು ಬ್ರಯನ್ ಒಪ್ಪಿಕೊಂಡ. ತೀರ್ಪಿನ ಐದೇ ದಿನಕ್ಕೆ ಆತ ತೀರಿಕೊಂಡ. ದಂಡದ ಮೊತ್ತವನ್ನು ಜ್ಯೂರಿ ನಿರ್ಧರಿಸಬೇಕಿತ್ತು, ನ್ಯಾಯಾಧೀಶ ನಿರ್ಧರಿಸಿದ್ದು ತಪ್ಪು ಎಂಬ ತಾಂತ್ರಿಕ ಕಾರಣಕ್ಕೆ 1927ರಲ್ಲಿ ಶಿಕ್ಷೆ ರದ್ದಾಯಿತು. ಕಾಯಿದೆ ಮಾತ್ರ 1967ರವರೆಗೂ ಉಳಿಯಿತು.

ಬ್ರಯನ್ ವಿಕಾಸವಾದವನ್ನು ವಿರೋಧಿಸಿದ್ದು ಬೈಬಲ್ಲಿಗಾಗಿ ಮಾತ್ರವಲ್ಲ. ಬಲಿಷ್ಠನೇ ಬಾಳಬೇಕೆಂಬ ತತ್ತ್ವ ಮೊದಲ ಮಹಾಯುದ್ಧದ ಸೈನಿಕಶಾಹಿಗೆ ಗೊಬ್ಬರವಾಯಿತೆಂದು ಆತ ನಂಬಿದ್ದ. ಸ್ಕೋಪ್ಸ್ ಬಳಸಿದನೆನ್ನಲಾದ ಜೀವಶಾಸ್ತ್ರದ ಪಠ್ಯಪುಸ್ತಕದಲ್ಲಿ ಜನಾಂಗಗಳಿಗೆ ಮೇಲು-ಕೀಳಿನ ಪಟ್ಟಿಯೂ, ‘ಅಯೋಗ್ಯ’ ಕುಟುಂಬಗಳು ಮಕ್ಕಳನ್ನು ಹೆರದಂತೆ ತಡೆಯಬೇಕೆಂಬ ಪಾಠವೂ ಇದ್ದವು. ಡ್ಯಾರೋನನ್ನು ನಾಯಕನನ್ನಾಗಿ ನಿಲ್ಲಿಸಿ ಈ ಕಥೆಯನ್ನು ಹೇಳುವವರು ಆ ಪುಟಗಳನ್ನು ಸಾಮಾನ್ಯವಾಗಿ ತೆರೆಯುವುದಿಲ್ಲ.

ಎರಡೂ ಕಡೆಯ ವಾದ ಹೇಳಿಕೊಟ್ಟು ಮಕ್ಕಳಿಗೇ ಬಿಟ್ಟರೆ ತಪ್ಪೇನು?

ಕೇಳಲು ನ್ಯಾಯವಾಗಿ ತೋರುವ ಈ ಮಾತನ್ನೇ ಲೂಸಿಯಾನ ರಾಜ್ಯ ಕಾಯಿದೆ ಮಾಡಿತ್ತು: ವಿಕಾಸವನ್ನು ಕಲಿಸಿದರೆ, ಬೈಬಲ್ಲಿನ ಸೃಷ್ಟಿಕಥೆಯನ್ನು ವಿಜ್ಞಾನವೆಂದು ಮಂಡಿಸುವ ‘ಸೃಷ್ಟಿ ವಿಜ್ಞಾನ’ವನ್ನೂ ಕಲಿಸಬೇಕು. 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7-2 ಬಹುಮತದಿಂದ ಅದನ್ನು ರದ್ದುಪಡಿಸಿತು. ಅದರ ಉದ್ದೇಶ ಒಂದು ಧರ್ಮದ ನಂಬಿಕೆಯನ್ನು ಸರ್ಕಾರಿ ಶಾಲೆಯಲ್ಲಿ ಸ್ಥಾಪಿಸುವುದೇ ಎಂಬುದು ಕೋರ್ಟಿನ ಅಭಿಪ್ರಾಯ.

ಆಮೇಲೆ ಬಂದದ್ದು ‘ಬುದ್ಧಿವಂತ ವಿನ್ಯಾಸ’ ಎಂಬ ಹೊಸ ಹೆಸರು: ಜೀವಿಗಳನ್ನು ಬುದ್ಧಿಯುಳ್ಳ ಯಾವುದೋ ಶಕ್ತಿ ರೂಪಿಸಿದೆ ಎಂಬ ವಾದ. ಪೆನ್ಸಿಲ್ವೇನಿಯಾದ ಡೋವರ್ ಶಾಲಾ ಮಂಡಳಿ, ಒಂಬತ್ತನೆಯ ತರಗತಿಯ ಮಕ್ಕಳಿಗೆ ಡಾರ್ವಿನ್ನನ ಸಿದ್ಧಾಂತದಲ್ಲಿ ಕೊರತೆಗಳಿವೆಯೆಂದೂ ಪರ್ಯಾಯವಾಗಿ ಈ ವಿನ್ಯಾಸವಾದದ ಪುಸ್ತಕ ಗ್ರಂಥಾಲಯದಲ್ಲಿದೆಯೆಂದೂ ಹೇಳಿಕೆಯೊಂದನ್ನು ಓದಿ ಹೇಳಬೇಕೆಂದಿತು. ವಿಜ್ಞಾನ ಶಿಕ್ಷಕರು ಓದಲು ಒಪ್ಪಲಿಲ್ಲ. 11 ಮಂದಿ ಪೋಷಕರು ಕೋರ್ಟಿಗೆ ಹೋದರು. ವಿಚಾರಣೆಯಲ್ಲಿ ಆ ಪುಸ್ತಕದ ಹಳೆಯ ಕರಡುಗಳು ಹೊರಬಿದ್ದವು. 1987ರ ತೀರ್ಪಿಗೆ ಮುಂಚಿನ ಕರಡಿನಲ್ಲಿ ‘ಸೃಷ್ಟಿವಾದಿಗಳು’ ಎಂದಿದ್ದಲ್ಲೆಲ್ಲ ತೀರ್ಪಿನ ನಂತರ ‘ವಿನ್ಯಾಸದ ಪ್ರತಿಪಾದಕರು’ ಎಂದು ತಿದ್ದಲಾಗಿತ್ತು. ಒಂದು ಕಡೆಯಂತೂ ಹಳೆಯ ಪದ ಪೂರ್ತಿ ಅಳಿಯದೆ, ಅದರ ತಲೆಯೂ ಬಾಲವೂ ಹೊಸ ಪದಕ್ಕೆ ಅಂಟಿಕೊಂಡು ಉಳಿದಿತ್ತು. ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ನೇಮಿಸಿದ್ದ ನ್ಯಾಯಾಧೀಶ ಜಾನ್ ಜೋನ್ಸ್ 2005ರ ಡಿಸೆಂಬರ್ 20ರಂದು ನೀಡಿದ 139 ಪುಟಗಳ ತೀರ್ಪಿನಲ್ಲಿ, ಇದು ವಿಜ್ಞಾನವಲ್ಲ, ಸೃಷ್ಟಿವಾದಕ್ಕೇ ಹಾಕಿದ ಹೊಸ ವೇಷ ಎಂದು ಹೇಳಿದ. ಎರಡೂ ಕಡೆ ಹೇಳಿಕೊಡಿ ಎನ್ನುವವರು ಎರಡನೆಯ ಕಡೆ ಯಾವ ಧರ್ಮದ್ದಾಗಿರಬೇಕೆಂದು ಮೊದಲೇ ತೀರ್ಮಾನಿಸಿರುತ್ತಾರೆ ಎಂಬುದು ನನಗೆ ಕಂಡ ತೊಂದರೆ.

## ಸಮಾಜದ ಮೇಲಾದ ಪರಿಣಾಮ

ಬಲವಿದ್ದವನೇ ಬದುಕಬೇಕು ಅನ್ನೋದು ಡಾರ್ವಿನ್ ತತ್ತ್ವ ತಾನೆ? ಬಡವರಿಗೆ ಸಹಾಯ ಮಾಡಬಾರದು ಅಂತ ಅದರ ಅರ್ಥವೇ?

‘ಯೋಗ್ಯತಮದ ಉಳಿವು’ ಎಂಬ ಆ ಪ್ರಸಿದ್ಧ ನುಡಿಗಟ್ಟು ಇಂಗ್ಲೆಂಡಿನ ತತ್ತ್ವಜ್ಞಾನಿ ಹರ್ಬರ್ಟ್ ಸ್ಪೆನ್ಸರ್‌ನದು, 1864ರದು. ಡಾರ್ವಿನ್ ಅದನ್ನು 1869ರ ಐದನೆಯ ಆವೃತ್ತಿಯಲ್ಲಿ ಸೇರಿಸಿಕೊಂಡ. ಬಡವರಿಗೆ ಸರ್ಕಾರ ನೆರವಾಗಬಾರದು ಎಂಬ ವಾದವನ್ನು ಸ್ಪೆನ್ಸರ್ ಪ್ರಕಟಿಸಿದ್ದು 1851ರಲ್ಲಿ, ಅಂದರೆ ಡಾರ್ವಿನ್ನನ ಪುಸ್ತಕಕ್ಕಿಂತ ಎಂಟು ವರ್ಷ ಮೊದಲು. ತಾನು ಮೊದಲೇ ನಂಬಿದ್ದಕ್ಕೆ ಆತ ಜೀವಶಾಸ್ತ್ರದ ಬೆಂಬಲ ಹುಡುಕಿಕೊಂಡನೆನ್ನಬೇಕು. ಅದೇ ಜೀವಶಾಸ್ತ್ರದಿಂದ ರಷ್ಯಾದ ಪೀಟರ್ ಕ್ರೊಪೋಟ್ಕಿನ್, ಸೈಬೀರಿಯಾದ ಚಳಿಯಲ್ಲಿ ಪ್ರಾಣಿಗಳು ಒಂದಕ್ಕೊಂದು ನೆರವಾಗುವುದನ್ನು ಕಂಡು, ಪರಸ್ಪರ ಸಹಕಾರವೇ ವಿಕಾಸದ ಮುಖ್ಯ ಶಕ್ತಿ ಎಂದು ವಾದಿಸಿದ. ವಾಲೇಸ್ ಸಮಾಜವಾದಿಯಾದ. ನಿಸರ್ಗದಲ್ಲಿ ಹೀಗೆ ನಡೆಯುತ್ತದೆ ಎಂಬುದರಿಂದ ನಾವೂ ಹೀಗೆಯೇ ನಡೆಯಬೇಕು ಎಂಬುದು ತಾನಾಗಿ ಬರುವುದಿಲ್ಲ.

ಹಿಟ್ಲರನಿಗೆ ದಾರಿ ತೋರಿಸಿದ್ದೇ ಡಾರ್ವಿನ್ ಅಂತಾರಲ್ಲ?

ಈ ಆರೋಪವನ್ನು ಪೂರ್ತಿ ಒಪ್ಪಲಾಗದು, ನಕ್ಕು ತಳ್ಳಿಹಾಕಲೂ ಆಗದು. ಡಾರ್ವಿನ್ ಗುಲಾಮಗಿರಿಯ ಕಡುವಿರೋಧಿ; ಬ್ರೆಜಿಲ್ಲಿನಲ್ಲಿ ಇದೇ ವಿಷಯಕ್ಕೆ ಫಿಟ್ಜ್‌ರಾಯ್ ಜೊತೆ ಜಗಳವಾಡಿದ್ದ. ಆದರೆ 1871ರ ಪುಸ್ತಕದಲ್ಲಿ ‘ನಾಗರಿಕ’ ಜನಾಂಗಗಳು ‘ಅನಾಗರಿಕ’ ಜನಾಂಗಗಳನ್ನು ಅಳಿಸಿಹಾಕಲಿವೆ ಎಂದು ತಣ್ಣಗೆ ಬರೆದವನೂ ಅವನೇ. ದುರ್ಬಲರನ್ನು ನಾವು ಬದುಕಿಸಿಕೊಳ್ಳುವುದರಿಂದ ಜನಾಂಗಕ್ಕೆ ಕೆಡುಕಿದೆ ಎಂದ ಮೇಲೆ, ಆ ಕರುಣೆಯನ್ನು ಹತ್ತಿಕ್ಕಿದರೆ ನಮ್ಮ ಸ್ವಭಾವದ ಅತ್ಯುತ್ತಮ ಭಾಗವೇ ಕೆಡುತ್ತದೆ ಎಂದೂ ಅಲ್ಲಿಯೇ ಸೇರಿಸಿದ. ಅವನ ನಂತರದವರು ಮೊದಲ ಮಾತನ್ನು ಹಿಡಿದುಕೊಂಡು ಎರಡನೆಯದನ್ನು ಬಿಟ್ಟರು.

ಅವನ ದಾಯಾದಿ ಫ್ರಾನ್ಸಿಸ್ ಗಾಲ್ಟನ್ 1883ರಲ್ಲಿ ಹೆಸರಿಟ್ಟ ಸುಜನನಶಾಸ್ತ್ರ, ಅಂದರೆ ಯಾರು ಮಕ್ಕಳನ್ನು ಹೆರಬೇಕು, ಯಾರು ಹೆರಬಾರದು ಎಂದು ನಿಯಂತ್ರಿಸಿ ಮನುಷ್ಯರ ‘ತಳಿ’ ಸುಧಾರಿಸಬೇಕೆಂಬ ವಾದ, ಬೇಗ ಕಾನೂನಿನ ರೂಪ ಪಡೆದದ್ದು ಜರ್ಮನಿಯಲ್ಲಲ್ಲ, ಅಮೆರಿಕದಲ್ಲಿ. ಇಂಡಿಯಾನ ರಾಜ್ಯ 1907ರಲ್ಲೇ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಕಾಯಿದೆ ಮಾಡಿತು. ವರ್ಜೀನಿಯಾದ ಕ್ಯಾರಿ ಬಕ್ ಎಂಬ ತರುಣಿ ಅತ್ಯಾಚಾರಕ್ಕೊಳಗಾಗಿ ಬಸುರಾದಾಗ ಸಾಕುಮನೆಯವರು ಆಕೆಯನ್ನು ‘ಮಂದಬುದ್ಧಿ’ಯವರ ಸಂಸ್ಥೆಗೆ ಸೇರಿಸಿದರು. ತಾಯಿ, ಆಕೆ, ಆಕೆಯ ಹಸುಗೂಸು, ಮೂವರೂ ದಡ್ಡರೆಂದು ವಾದಿಸಿ ಶಸ್ತ್ರಚಿಕಿತ್ಸೆಗೆ ಅನುಮತಿ ಕೇಳಿದಾಗ, ‘ಮೂರು ತಲೆಮಾರಿನ ದಡ್ಡರು ಸಾಕು’ ಎಂದು ಬರೆದ ಸುಪ್ರೀಂ ಕೋರ್ಟ್ 1927ರಲ್ಲಿ 8-1ರಿಂದ ಒಪ್ಪಿಗೆ ಕೊಟ್ಟಿತು. ಆ ಹಸುಗೂಸು ವಿವಿಯನ್ ಮುಂದೆ ಶಾಲೆಗೆ ಹೋಗಿ ಒಳ್ಳೆಯ ಅಂಕ ಪಡೆದವರ ಪಟ್ಟಿಯಲ್ಲಿ ಸೇರಿದಳು. ಎಂಟನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅಮೆರಿಕದಲ್ಲಿ 60,000ಕ್ಕೂ ಹೆಚ್ಚು ಜನರಿಗೆ ಹೀಗೆ ಶಸ್ತ್ರಚಿಕಿತ್ಸೆಯಾಯಿತು. 1933ರ ನಾಜಿ ಕಾಯಿದೆ ಅಮೆರಿಕದ ಹ್ಯಾರಿ ಲಾಫ್ಲಿನ್ ಬರೆದ ಮಾದರಿ ಕಾಯಿದೆಯಿಂದ ಎರವಲು ಪಡೆಯಿತು; ಅದರಡಿ ಸುಮಾರು 4 ಲಕ್ಷ ಮಂದಿಗೆ ಬಲವಂತದ ಶಸ್ತ್ರಚಿಕಿತ್ಸೆಯಾಯಿತು. ಯೆಹೂದ್ಯರ ಮೇಲಿನ ದ್ವೇಷವಾದರೋ ಡಾರ್ವಿನ್ನನಿಗಿಂತ ಶತಮಾನಗಳಷ್ಟು ಹಳೆಯದು.

ಕ್ಯಾರಿ ಬಕ್ ಪ್ರಕರಣದಲ್ಲಿ ಒಪ್ಪದೆ ಉಳಿದ ಒಬ್ಬನೇ ನ್ಯಾಯಮೂರ್ತಿ ಪಿಯರ್ಸ್ ಬಟ್ಲರ್ ಕ್ಯಾಥೊಲಿಕ್. ವಿದ್ಯಾವಂತರಲ್ಲಿ ಬಹುಪಾಲು ಜನ ಇದನ್ನು ಪ್ರಗತಿಯೆಂದು ಮೆಚ್ಚಿಕೊಂಡಿದ್ದ ಕಾಲದಲ್ಲಿ ಹನ್ನೊಂದನೆಯ ಪಯಸ್ ಪೋಪ್ 1930ರಲ್ಲಿ ಬಲವಂತದ ಶಸ್ತ್ರಚಿಕಿತ್ಸೆಯನ್ನು ಖಂಡಿಸಿದ. ವಿಕಾಸದ ವಿಚಾರದಲ್ಲಿ ಚರ್ಚು ಹಿಂದುಳಿದಿತ್ತು ಎನ್ನುವವರು ಈ ವಿಚಾರದಲ್ಲಿ ಅದು ಎಲ್ಲಿ ನಿಂತಿತ್ತೆಂಬುದನ್ನೂ ಹೇಳಬೇಕು.

ನಮ್ಮ ಜಾತಿ ಪದ್ಧತಿಗೂ ಇದಕ್ಕೂ ಏನಾದರೂ ಸಂಬಂಧ ಉಂಟೇ?

ಉಂಟು. ಬ್ರಿಟಿಷ್ ಅಧಿಕಾರಿ ಹರ್ಬರ್ಟ್ ರಿಸ್ಲಿ ಮೂಗಿನ ಉದ್ದಗಲ ಅಳೆದು ಜಾತಿಗಳನ್ನು ಜನಾಂಗಗಳಾಗಿ ವಿಂಗಡಿಸಲು ಹೊರಟಿದ್ದ. ಜಾತಿಯೊಳಗಿನ ಮದುವೆ ರಕ್ತದ ಶುದ್ಧಿಯನ್ನು ಕಾಪಾಡುವ ಸುಜನನದ ಉಪಾಯ ಎಂದು ಸಮರ್ಥಿಸುವವರೂ ಹುಟ್ಟಿಕೊಂಡರು. ಡಾ. ಬಿ.ಆರ್. ಅಂಬೇಡ್ಕರ್ ಅವರು 1936ರ ‘ಜಾತಿ ವಿನಾಶ’ದಲ್ಲಿ ಈ ವಾದವನ್ನು ಎತ್ತಿಕೊಂಡು ತರಿದುಹಾಕಿದ್ದಾರೆ: ಜಾತಿ ಸುಜನನದ ಸಾಧನವಾಗಿದ್ದರೆ ಅದು ಎಂಥ ತಳಿಯನ್ನು ಬೆಳೆಸಿದೆ, ಹತ್ತರಲ್ಲಿ ಒಂಬತ್ತು ಪಾಲು ಜನ ಸೈನ್ಯಕ್ಕೆ ಅನರ್ಹರಾಗಿದ್ದಾರಲ್ಲ ಎಂಬುದು ಅವರ ಪ್ರಶ್ನೆ. 1948ರಲ್ಲಿ ಅಸ್ಪೃಶ್ಯರನ್ನು ಕುರಿತು ಬರೆಯುವಾಗ ಮೂಗಿನ ಅಳತೆಯ ಅಂಕಿಗಳನ್ನೇ ಬಳಸಿಕೊಂಡು, ಬ್ರಾಹ್ಮಣರೂ ಅಸ್ಪೃಶ್ಯರೂ ಬೇರೆ ಬೇರೆ ಜನಾಂಗದವರಲ್ಲವೆಂದು ತೋರಿಸಿದರು.

## ಇತರ ಧರ್ಮಗಳು, ನಮ್ಮ ದೇಶ

ಇಸ್ಲಾಂ ಇದನ್ನು ಹೇಗೆ ಸ್ವೀಕರಿಸಿತು?

ಒಂದೇ ಬಗೆಯಲ್ಲಲ್ಲ. ಮುಸ್ಲಿಂ ಚಿಂತಕ ಜಮಾಲುದ್ದೀನ್ ಅಫ್ಘಾನಿ ನಮ್ಮ ನೆರೆಯ ಹೈದರಾಬಾದಿನಲ್ಲಿ ತಂಗಿದ್ದಾಗ, 1880ರ ಸುಮಾರಿಗೆ, ಪಾರ್ಸಿ ಭಾಷೆಯಲ್ಲಿ ಭೌತಿಕವಾದಿಗಳ ಖಂಡನೆಯೊಂದನ್ನು ಬರೆದ. ಅರಬರೂ ಯೆಹೂದ್ಯರೂ ಸಾವಿರಾರು ವರ್ಷಗಳಿಂದ ಸುನ್ನತಿ ಮಾಡಿಸಿಕೊಂಡರೂ ಒಂದು ಮಗುವಾದರೂ ಸುನ್ನತಿಯಾಗಿಯೇ ಹುಟ್ಟಿದ್ದುಂಟೇ ಎಂದು ಅದರಲ್ಲಿ ಲೇವಡಿ ಮಾಡಿದ. ಗುರಿ ಡಾರ್ವಿನ್ ಆದರೂ, ಬದುಕಿನಲ್ಲಿ ಗಳಿಸಿದ ಲಕ್ಷಣ ಮಕ್ಕಳಿಗೆ ಬರುತ್ತದೆಂಬ ಹಳೆಯ ಕಲ್ಪನೆಗೇ ಆ ಬಾಣ ಹೆಚ್ಚು ನಾಟುತ್ತದೆ. ಇನ್ನೊಂದು ಕಡೆ, ಇಂದಿನ ಲೆಬನಾನಿನಲ್ಲಿರುವ ಟ್ರಿಪೊಲಿಯ ವಿದ್ವಾಂಸ ಹುಸೇನ್ ಅಲ್-ಜಿಸ್ರ್ 1888ರಲ್ಲಿ, ವಿಕಾಸಕ್ಕೆ ಖಚಿತ ಪುರಾವೆ ಸಿಕ್ಕರೆ ಕುರಾನಿನ ವಚನಗಳನ್ನು ಅದಕ್ಕೆ ಹೊಂದುವಂತೆ ಅರ್ಥೈಸಬಹುದು ಎಂದ. ಬೇರೂತಿನಲ್ಲಿ 1882ರಲ್ಲಿ ಡಾರ್ವಿನ್ನನನ್ನು ಹೊಗಳಿ ಭಾಷಣ ಮಾಡಿದ್ದಕ್ಕೆ ಕೆಲಸ ಕಳೆದುಕೊಂಡ ಪ್ರಾಧ್ಯಾಪಕ ಎಡ್ವಿನ್ ಲೂಯಿಸ್. ತೆಗೆದುಹಾಕಿದ್ದು ಅಮೆರಿಕನ್ ಪ್ರಾಟೆಸ್ಟಂಟ್ ಮಿಷನರಿಗಳ ಕಾಲೇಜು. ಟರ್ಕಿ 2017ರಲ್ಲಿ ಪ್ರೌಢಶಾಲೆಯ ಪಠ್ಯಕ್ರಮದಿಂದ ವಿಕಾಸದ ಪಾಠವನ್ನು ಕೈಬಿಡುವುದಾಗಿ ಪ್ರಕಟಿಸಿತು.

ದಶಾವತಾರದಲ್ಲೇ ವಿಕಾಸವಾದ ಇದೆಯಲ್ಲ? ಮೀನು, ಆಮೆ, ಹಂದಿ, ನರಸಿಂಹ...

ಈ ಹೋಲಿಕೆ ಪುರಾಣ ಕಾಲದ್ದಲ್ಲ, 19ನೆಯ ಶತಮಾನದ್ದು. ಬಂಗಾಳದ ಬ್ರಹ್ಮಸಮಾಜದ ಕೇಶವಚಂದ್ರ ಸೇನರು 1882ರಲ್ಲಿ ಅವತಾರಗಳನ್ನು ವಿಕಾಸದ ಮೆಟ್ಟಿಲುಗಳಾಗಿ ಓದಿದರು. ಸ್ವಾಮಿ ವಿವೇಕಾನಂದರು ಪತಂಜಲಿಯ ಯೋಗಸೂತ್ರದ ‘ಜಾತ್ಯಂತರಪರಿಣಾಮಃ ಪ್ರಕೃತ್ಯಾಪೂರಾತ್’ ಎಂಬ ಮಾತನ್ನು ಎತ್ತಿಕೊಂಡು, ಹೋರಾಟದಿಂದಲ್ಲ, ಒಳಗೇ ಇರುವ ಪೂರ್ಣತೆ ಅಡ್ಡಿಗಳು ಸರಿದಾಗ ಹರಿದು ಬರುವುದರಿಂದಲೇ ವಿಕಾಸ ಎಂದು ವಿವರಿಸಿದರು. ಇದು ಡಾರ್ವಿನ್ನನಿಗೆ ಒಪ್ಪಿಗೆಯೂ ಹೌದು, ಉತ್ತರವೂ ಹೌದು. 1957ರಲ್ಲಿ ಭಾರತಕ್ಕೆ ಬಂದು ನೆಲೆಸಿದ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಕೂಡ ದಶಾವತಾರದ ಸಾಮ್ಯವನ್ನು ಮೆಚ್ಚಿ ಮಾತನಾಡಿದ್ದುಂಟು.

ಸಾಮ್ಯ ಸೊಗಸಾಗಿದೆ, ಅಷ್ಟಕ್ಕೇ ಬಿಡುವುದು ಒಳ್ಳೆಯದು. ಮತ್ಸ್ಯನ ಸಂತಾನವಾಗಿ ಕೂರ್ಮ ಹುಟ್ಟಲಿಲ್ಲ. ಧರ್ಮಕ್ಕೆ ಹಾನಿ ಬಂದಾಗಲೆಲ್ಲ ಒಬ್ಬನೇ ವಿಷ್ಣು ಉದ್ದೇಶಪೂರ್ವಕವಾಗಿ ಇಳಿದು ಬಂದ. ಉದ್ದೇಶವಿಲ್ಲದೆ ನಡೆಯುವುದೇ ನಿಸರ್ಗದ ಆಯ್ಕೆಯ ಹೆಗ್ಗುರುತು. ಆದರೂ ಈ ಹೋಲಿಕೆಯಿಂದ ಒಂದು ಲಾಭವಾಯಿತೆನ್ನಬೇಕು: ಕಲ್ಪ, ಮನ್ವಂತರಗಳ ಕೋಟಿಗಟ್ಟಲೆ ವರ್ಷಗಳನ್ನೂ ಎಂಬತ್ತನಾಲ್ಕು ಲಕ್ಷ ಯೋನಿಗಳನ್ನೂ ಕೇಳಿ ಬೆಳೆದವರಿಗೆ ಅಪಾರ ಕಾಲವಾಗಲಿ, ಪ್ರಾಣಿಯೊಡನೆ ನಂಟಾಗಲಿ ಅವಮಾನವೆನಿಸಲಿಲ್ಲ. ಹತ್ತೊಂಬತ್ತನೆಯ ಶತಮಾನದ ಭಾರತದಲ್ಲಿ ಆಕ್ಸ್‌ಫರ್ಡಿನಂಥ ಜಗಳ ಏಳದಿರಲು ಇದೂ ಒಂದು ಕಾರಣ.

ಹಾಗಿದ್ದರೆ ನಮ್ಮಲ್ಲಿ ವಿವಾದವೇ ಆಗಿಲ್ಲವೇ?

ಇತ್ತೀಚೆಗೆ ಆಗಿದೆ. ಮಂಗ ಮನುಷ್ಯನಾದದ್ದನ್ನು ಯಾರೂ ಕಂಡಿಲ್ಲ, ಹಾಗಾಗಿ ಡಾರ್ವಿನ್ನನ ಸಿದ್ಧಾಂತ ತಪ್ಪು, ಪಠ್ಯದಲ್ಲಿ ಬದಲಾವಣೆಯಾಗಬೇಕು ಎಂದು 2018ರ ಜನವರಿಯಲ್ಲಿ ಅಂದಿನ ಕೇಂದ್ರದ ರಾಜ್ಯ ಸಚಿವ ಸತ್ಯಪಾಲ್ ಸಿಂಗ್ ಹೇಳಿದರು. ಬೆಂಗಳೂರಿನಲ್ಲಿರುವ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಈ ಹೇಳಿಕೆಗೆ ಆಧಾರವಿಲ್ಲವೆಂದು ಪ್ರಕಟಿಸಿದವು. ಕೋವಿಡ್ ಕಾಲದಲ್ಲಿ ಪಠ್ಯದ ಹೊರೆ ಇಳಿಸುವ ನೆಪದಲ್ಲಿ ಎನ್‌ಸಿಇಆರ್‌ಟಿ ಹತ್ತನೆಯ ತರಗತಿಯಿಂದ ವಿಕಾಸದ ಭಾಗವನ್ನು ಕೈಬಿಟ್ಟಿತು. ‘ಅನುವಂಶೀಯತೆ ಮತ್ತು ಜೀವವಿಕಾಸ’ ಎಂದಿದ್ದ ಅಧ್ಯಾಯ ಬರಿಯ ‘ಅನುವಂಶೀಯತೆ’ಯಾಯಿತು. 2023ರಲ್ಲಿ ಇದೇ ಕಾಯಂ ಎಂದು ಗೊತ್ತಾದಾಗ 1,800ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ಶಿಕ್ಷಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಪಾಠ ಉಳಿದಿದೆ ಎಂಬುದು ಸರ್ಕಾರದ ಸಮಾಧಾನ. ಹತ್ತರ ನಂತರ ಕಾಮರ್ಸ್ ಅಥವಾ ಆರ್ಟ್ಸ್ ಹಿಡಿಯುವ ವಿದ್ಯಾರ್ಥಿಗಳಿಗೆ, ಇಂಜಿನಿಯರಿಂಗಿಗೆಂದು ಜೀವಶಾಸ್ತ್ರ ಬಿಡುವವರಿಗೆ ಆ ಪಾಠ ಎಂದೂ ಸಿಗುವುದಿಲ್ಲ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

## ಇನ್ನಷ್ಟು ಆಳಕ್ಕೆ ಹೋಗುವವರಿಗೆ

ವಿಜ್ಞಾನದ ಒಳಗಿನಿಂದ ಗಟ್ಟಿಯಾದ ಆಕ್ಷೇಪಣೆ ಏನಾದರೂ ಬಂದಿತ್ತೇ?

ಬಂದಿತ್ತು, ಅವು ಬಿಷಪ್ಪರ ಆಕ್ಷೇಪಣೆಗಳಿಗಿಂತ ಹೆಚ್ಚು ನೋವು ಕೊಟ್ಟವು. ಕಾದ ಭೂಮಿ ತಣ್ಣಗಾಗುತ್ತಿರುವ ಲೆಕ್ಕ ಹಿಡಿದು ವಿಲಿಯಂ ಥಾಮ್ಸನ್, ಅಂದರೆ ಮುಂದಿನ ಲಾರ್ಡ್ ಕೆಲ್ವಿನ್, 1862ರಲ್ಲಿ ಭೂಮಿಯ ವಯಸ್ಸು 2 ಕೋಟಿಯಿಂದ 40 ಕೋಟಿ ವರ್ಷಗಳ ನಡುವೆ ಎಂದ. ಆಮೇಲೆ ಮಿತಿಯನ್ನು ಇನ್ನೂ ಬಿಗಿ ಮಾಡಿದ. ನಿಧಾನವಾಗಿ ನಡೆಯುವ ವಿಕಾಸಕ್ಕೆ ಅಷ್ಟು ಕಾಲ ಸಾಲದು. ಇದು ತನ್ನ ಅತಿ ದೊಡ್ಡ ಚಿಂತೆಗಳಲ್ಲೊಂದು ಎಂದು ಡಾರ್ವಿನ್ ವಾಲೇಸನಿಗೆ ಬರೆದ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ ಎಂದು ಗೊತ್ತಾಗಲು ವಿಕಿರಣಶೀಲತೆಯ ಶೋಧ ಬೇಕಾಯಿತು. ಇನ್ನೊಂದು ಆಕ್ಷೇಪಣೆ ಇಂಜಿನಿಯರ್ ಫ್ಲೀಮಿಂಗ್ ಜೆಂಕಿನ್‌ನದು: ತಂದೆ-ತಾಯಿಯ ಗುಣಗಳು ಮಕ್ಕಳಲ್ಲಿ ಬೆರೆತುಹೋಗುವುದಾದರೆ ಒಳ್ಳೆಯ ವ್ಯತ್ಯಾಸವೂ ಕೆಲವೇ ತಲೆಮಾರುಗಳಲ್ಲಿ ತೆಳುವಾಗಿ ಇಲ್ಲವಾಗುತ್ತದೆ. ಗುಣಗಳು ಬೆರೆಯದೆ ಬಿಡಿಬಿಡಿಯಾಗಿ ದಾಟುತ್ತವೆಂದು ಗ್ರೆಗರ್ ಮೆಂಡೆಲ್ 1866ರಲ್ಲೇ ಪ್ರಕಟಿಸಿದ್ದ. ಜಗತ್ತು ಅದನ್ನು ಗಮನಿಸಿದ್ದು 1900ರಲ್ಲಿ. ಮೆಂಡೆಲ್ ಆಗಸ್ಟೀನಿಯನ್ ಮಠದ ಸನ್ಯಾಸಿ.

ದೇವರನ್ನೇ ನಂಬದ ಕಮ್ಯುನಿಸ್ಟ್ ದೇಶಗಳಲ್ಲಾದರೂ ಈ ತೊಂದರೆ ಇರಲಿಲ್ಲ ತಾನೆ?

ಅಲ್ಲಿ ಆದ ತೊಂದರೆ ಬೇರೆಲ್ಲಕ್ಕಿಂತ ಭೀಕರ. ಸೋವಿಯತ್ ಒಕ್ಕೂಟದಲ್ಲಿ ಡಾರ್ವಿನ್ನನ ಹೆಸರಿಗೆ ಗೌರವವಿತ್ತು. ಆದರೆ ಟ್ರೊಫಿಮ್ ಲೈಸೆಂಕೊ ಎಂಬ ಕೃಷಿತಜ್ಞ, ತಳಿವಿಜ್ಞಾನವನ್ನು ಬೂರ್ಜ್ವಾ ಸುಳ್ಳೆಂದು ಸಾರಿ ಸ್ಟಾಲಿನ್ನನ ಬೆಂಬಲ ಗಳಿಸಿದ. ಒಂದೇ ಪ್ರಭೇದದ ಜೀವಿಗಳ ನಡುವೆ ಪೈಪೋಟಿಯಿದೆ ಎಂಬ ಡಾರ್ವಿನ್ನನ ಮಾತೂ ಅವನಿಗೆ ಬೇಡವಾಗಿತ್ತು. ಬೆಳೆಗಳ ಬೀಜಗಳನ್ನು ಲೋಕದ ಮೂಲೆಮೂಲೆಯಿಂದ ಸಂಗ್ರಹಿಸಿದ್ದ ಮಹಾ ವಿಜ್ಞಾನಿ ನಿಕೊಲಾಯ್ ವಾವಿಲೋವ್ 1940ರಲ್ಲಿ ಬಂಧಿತನಾಗಿ, 1943ರಲ್ಲಿ ಸರಾತೊವ್ ಸೆರೆಮನೆಯಲ್ಲಿ ಹಸಿವಿನಿಂದ ನರಳಿ ಸತ್ತ. 1948ರಲ್ಲಿ ತಳಿವಿಜ್ಞಾನದ ಬೋಧನೆಗೇ ಬೀಗ ಬಿತ್ತು.

ಈಗಲೂ ವಿಜ್ಞಾನಿಗಳಲ್ಲೇ ಜಗಳ ಇದೆಯಂತೆ. ಸಿದ್ಧಾಂತ ಅಲುಗಾಡುತ್ತಿದೆಯೇ?

ಜೀವಿಗಳು ಸಮಾನ ಮೂಲದಿಂದ ಕವಲೊಡೆದು ಬಂದವು ಎಂಬುದರ ಬಗ್ಗೆ ಜಗಳವಿಲ್ಲ. ವಿಕಾಸದಲ್ಲಿ ಆಯ್ಕೆಯ ಪಾಲೆಷ್ಟು, ಆಕಸ್ಮಿಕದ ಪಾಲೆಷ್ಟು ಎಂಬ ಬಗ್ಗೆ ಇದೆ. ಅಣುಗಳ ಮಟ್ಟದ ಬದಲಾವಣೆಗಳಲ್ಲಿ ಬಹುಪಾಲು ಲಾಭವೂ ಅಲ್ಲದ ನಷ್ಟವೂ ಅಲ್ಲದ ಆಕಸ್ಮಿಕಗಳು ಎಂದು ಜಪಾನಿನ ಮೊಟೂ ಕಿಮುರಾ 1968ರಲ್ಲಿ ವಾದಿಸಿದ. ಇಂಥ ಚರ್ಚೆಗಳು ಪ್ರಯೋಗಾಲಯದ ಹೊರಗೆ ಸದ್ದು ಮಾಡುವುದು ಕಡಿಮೆ. ಸದ್ದಾಗುವುದು ಮತ್ತೆ ಮನುಷ್ಯನ ವಿಚಾರಕ್ಕೆ ಬಂದಾಗಲೇ.

ಇರುವೆಗಳ ತಜ್ಞ, ಹಾರ್ವರ್ಡಿನ ಎಡ್ವರ್ಡ್ ವಿಲ್ಸನ್ 1975ರಲ್ಲಿ ಪ್ರಾಣಿಗಳ ಸಾಮಾಜಿಕ ವರ್ತನೆಯನ್ನು ವಿಕಾಸದಿಂದ ವಿವರಿಸುವ ದೊಡ್ಡ ಗ್ರಂಥ ಬರೆದು, ಕೊನೆಯ ಅಧ್ಯಾಯದಲ್ಲಿ ಅದೇ ಕ್ರಮವನ್ನು ಮನುಷ್ಯನಿಗೂ ಅನ್ವಯಿಸಿದ. ಅದೇ ವಿಶ್ವವಿದ್ಯಾಲಯದ ಸ್ಟೀಫನ್ ಜೇ ಗೂಲ್ಡ್, ರಿಚರ್ಡ್ ಲೆವೊಂಟಿನ್ ಮೊದಲಾದವರು ಇದನ್ನು ಕಟುವಾಗಿ ಟೀಕಿಸಿದರು. ಲಿಂಗ, ವರ್ಗ, ಜನಾಂಗಗಳ ಅಸಮಾನತೆಗೆ ಇಂಥದೇ ವಾದಗಳು ಹಿಂದೆ ಮುದ್ರೆಯೊತ್ತಿದ್ದವೆಂಬುದು ಅವರ ಆತಂಕ. ಕ್ಯಾರಿ ಬಕ್‌ನಂಥವರ ಕಥೆ ತಿಳಿದವರು ಆ ಆತಂಕವನ್ನು ಹಗುರವಾಗಿ ಕಾಣಲಾರರು. ವಿಲ್ಸನ್ ಅಂಥ ಯಾವ ಕಾರ್ಯಸೂಚಿಯನ್ನೂ ಮುಂದಿಟ್ಟಿರಲಿಲ್ಲ ಎಂಬುದೂ ಅಷ್ಟೇ ನಿಜ. 1978ರ ಫೆಬ್ರವರಿಯಲ್ಲಿ ವಾಷಿಂಗ್ಟನ್ನಿನ ವಿಜ್ಞಾನ ಸಮ್ಮೇಳನವೊಂದರಲ್ಲಿ, ಕಾಲಿಗೆ ಪೆಟ್ಟಾಗಿ ಕುಳಿತಿದ್ದ ವಿಲ್ಸನ್ನನ ತಲೆಯ ಮೇಲೆ ಎಡಪಂಥೀಯ ಪ್ರತಿಭಟನಾಕಾರರು ನೀರು ಸುರಿದರು. ಅದೇ ವೇದಿಕೆಯಲ್ಲಿದ್ದ ಗೂಲ್ಡ್, ವಿಲ್ಸನ್ನನ ಸಿದ್ಧಾಂತವನ್ನು ಒಪ್ಪದವನಾಗಿದ್ದರೂ, ನೀರು ಸುರಿದವರನ್ನು ಅಲ್ಲಿಯೇ ಖಂಡಿಸಿದ. ವಿಲ್ಸನ್ ಒದ್ದೆ ಬಟ್ಟೆಯಲ್ಲೇ ತನ್ನ ಭಾಷಣವನ್ನು ಪೂರೈಸಿದ.